ಹುಳಿಗುಡ್ಡಕ್ಕೆ ಹೆಸರು ತಂದ ಪೀಪಾಯಿಗಳು

ಅರವತ್ತು ಖಂಡಿ ಮೆಣಸಿಗೆ ಹನ್ನೆರಡು ಪೀಪಾಯಿ ಕೆಂಪು ವೈನು, ಆ ವೈನಿಗೆ ಒಂದು ಹಡಗು: ಹುಳಿಗುಡ್ಡದ ಹೆಸರು ಹುಟ್ಟಿದ್ದು ಈ ವ್ಯಾಪಾರದಲ್ಲಿ. ಕಡವಿನಕೇರಿಯ ಅಳಿವೆಗೆ ಎದುರಾಗಿ ಇಂದು ನಿಂತಿರುವ ಈ ಗುಡ್ಡ ಬರೀ ಮುರಕಲ್ಲು. ಹುಡುಕಿದರೂ ಒಂದು ಹುಣಸೆಮರ ಸಿಗದು. ಮತ್ತೆ ಹುಳಿ ಎಲ್ಲಿಂದ ಬಂತು ಎಂದು ಬಂದವರೆಲ್ಲ ಕೇಳುತ್ತಾರೆ.

ಹಿಂದೆ ಒಮ್ಮೆ ಈ ಬಂದರಿನಲ್ಲಿ ಪಾಯಪ್ಪ ಸೆಟ್ಟಿ ಎಂಬ ಜೈನ ವರ್ತಕನಿದ್ದನಂತೆ. ಅವನಿಗಿದ್ದ ಒಂದೇ ಹಡಗನ್ನು ಎದುರಿನ ನಡುಗಡ್ಡೆಯ ಪರಂಗಿ ಕೋಟೆಯ ಕಪ್ತಾನ ರಹದಾರಿ ಇಲ್ಲವೆಂದು ಹಿಡಿದಿಟ್ಟ. ಬಿಡಲು ಅವನು ಕೇಳಿದ್ದು ಹೊನ್ನಲ್ಲ. ಮೆಡಿಟರೇನಿಯನ್ ಕಡಲಿನ ದ್ವೀಪವೊಂದರಲ್ಲಿ ಅವನ ಮುತ್ತಜ್ಜನಿಗಿಂತ ಹಳೆಯ ದ್ರಾಕ್ಷಿತೋಟವಿತ್ತು. ಅಲ್ಲಿಯ ಕೆಂಪು ವೈನೇ ಹನ್ನೆರಡು ಪೀಪಾಯಿ ಬೇಕೆಂದ. ಸೆಟ್ಟಿ ವರ್ಷದ ಮೆಣಸನ್ನೆಲ್ಲ ಅರಬರಿಗೆ ಸುರಿದು ಅದನ್ನು ತರಿಸಿದ. ಸರಕು ಇಳಿದದ್ದೇ ತಡ, ಮಳೆಗಾಲ ಹಿಡಿದು ಕಡಲು ಮುಚ್ಚಿತು. ನೆರೆ ಮುಟ್ಟದಿರಲೆಂದು ಪೀಪಾಯಿಗಳನ್ನು ಗುಡ್ಡದ ಗುಹೆಗೆ ಏರಿಸಿದರು. ಅಲ್ಲಿಂದ ನೋಡಿದರೆ ಸೆಟ್ಟಿಗೆ ನಡುಗಡ್ಡೆಯ ಬಳಿ ತನ್ನದೇ ಹಡಗು ಕಾಣುತ್ತಿತ್ತು. ಮುಟ್ಟುವ ದಾರಿ ಮಾತ್ರ ಇರಲಿಲ್ಲ.

ಬಿಗಿದ ಬಿರಡೆಗಳನ್ನು ಕಂಡು, ಹೀಗೇ ಮುಚ್ಚಿಟ್ಟರೆ ಕೆಟ್ಟೀತೇ ಎಂದು ಸೆಟ್ಟಿಗೆ ದಿಗಿಲು. ಮದ್ಯ ಮುಟ್ಟುವ ಕುಲವಲ್ಲ. ಕೇಳಿದ್ದು ಕಳ್ಳು ಇಳಿಸುವ ದುಗ್ಗನನ್ನು.

"ಬಾಯಿ ಕಟ್ಟಿದ್ರೆ ಮಡಕೆಯೇ ಒಡೀತದೆ, ಒಡೆಯಾ. ಬಟ್ಟೆ ಹೊದೆಸಿ, ಉಸಿರಾಡ್ಲಿ."

ಕಳ್ಳಿನ ಮಟ್ಟಿಗೆ ಮಾತು ಸರಿಯೇ. ಬಿರಡೆಗಳನ್ನೆಲ್ಲ ಕಿತ್ತು ತೆಳುಬಟ್ಟೆ ಕಟ್ಟಿಸಿದ. ಆಷಾಢ ಕಳೆಯುವಷ್ಟರಲ್ಲಿ ಗುಹೆಯ ವಾಸನೆ ಬದಲಾಯಿತು.

"ಇದು ಹೀಗೇ ಇರೋದೇನೋ, ದುಗ್ಗಾ?"

"ಒಂದು ಚಿಪ್ಪು ಕೊಡಿ, ಕುಡಿದು ಹೇಳ್ತೆ."

"ಅಳತೆ ಕಮ್ಮಿಯಾದ್ರೆ ಹಡಗು ನೀ ಕೊಡ್ತೀಯೋ?"

ಹೀಗಾಗಿ ಯಾರೂ ರುಚಿ ನೋಡಲಿಲ್ಲ. ಸೆಟ್ಟಿ ದಿನವೂ ಮೂಗು ಹಿಡಿದುಕೊಂಡು ಕಡಲು ತಿಳಿಯಾಗುವುದನ್ನು ಕಾದ.

ಮಳೆ ನಿಂತ ಮೇಲೆ ಕಪ್ತಾನನೇ ಬಂದ. ಒಂದು ಗುಟುಕು ಬಾಯಿಗಿಟ್ಟು ಸೆಟ್ಟಿಯ ಕಾಲ ಬಳಿಯೇ ಉಗಿದ.

"ಉಪ್ಪಿನಕಾಯಿಗೆ ಹಾಕಿಕೊಳ್ಳಿ, ಸೆಟ್ಟರೇ" ಎಂದನಷ್ಟೆ.

ದೂರಲು ಯಾರಿದ್ದರು? ಸರಕು ಅಸಲಿ, ಅಳತೆ ಪೂರ್ತಿ, ಗಾಳಿಗೆ ಬಿಟ್ಟು ಹುಳಿಸಿ ಕೆಡಿಸಿದ್ದು ತನ್ನದೇ ಕಾಳಜಿ. ಕಣ್ಣೆದುರೇ ಹಡಗು ಕಪ್ತಾನನ ಬಾವುಟ ಏರಿಸಿ ತೆಂಕಲಿಗೆ ಹೋಯಿತು.

ಪೀಪಾಯಿಗಳನ್ನು ಇಳಿಜಾರಿನಲ್ಲಿ ಬಗ್ಗಿಸಿದರು. ಗಾಳಿ ಬೀಸಿದಾಗಲೆಲ್ಲ ಊರಿಗೆ ಹುಳಿ ನಾತ ಬಡಿಯಿತು. ಹೆಸರು ಅಂದೇ ಅಂಟಿತು ಎನ್ನುತ್ತಾರೆ. ಪೀಪಾಯಿ ಉರುಳದಂತೆ ಗುಹೆಯ ನೆಲದಲ್ಲಿ ಕಡಿದ ತಗ್ಗುಗಳನ್ನು ನೋಡಬಂದವರು ಈಗಲೂ ಕಾಲಿನಿಂದ ತಡವಿ ನೋಡುತ್ತಾರೆ. ಸೆಟ್ಟಿಗೆ ದಕ್ಕಿದ ಒಟ್ಟು ಲಾಭ ಖಾಲಿ ಪೀಪಾಯಿ ಹನ್ನೆರಡು. ಅದರಲ್ಲೂ ಎರಡು ಸೋರುತ್ತಿದ್ದವಂತೆ.