ಜ್ವರಕ್ಕೆ ಕೊಟ್ಟ ಮುಖ

"ಗುರುಗಳೇ, ಜೀವವಿಲ್ಲದ್ದಕ್ಕೆ ಕೈಕಾಲು ಕೊಟ್ಟು ಮಾತಾಡಿಸಿದರೆ ಅದು ಸುಳ್ಳಾಗುತ್ತದೆಯೇ?" ಎಂದು ಸಿದ್ದಬಸವ ಕೇಳಿದ.

ಸಿದ್ದಬಸವ ಮಠದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯ. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ತಿಳಿಸಲು ಒಂದು ಪದ ಕಟ್ಟಿದ್ದ. ಮರುದಿನ ಪ್ರಾರ್ಥನೆಯಾದ ಮೇಲೆ ಅದನ್ನು ಮಕ್ಕಳಿಗೆ ಕಲಿಸುವುದೆಂದು ನಿಶ್ಚಯವಾಗಿತ್ತು. ಆದರೂ ಮನಸ್ಸಿನಲ್ಲಿ ಏನೋ ಕಸಿವಿಸಿ. ಬೆಳಗಿನಿಂದ ಗುರುಗಳ ಬಾಗಿಲಿನವರೆಗೆ ಬಂದು ಬಂದು ತಿರುಗಿ ಹೋಗಿದ್ದ.

"ಹೊಟ್ಟೆಕಿಚ್ಚು ಪಡಬೇಡಿ ಎಂದರೆ ಹುಡುಗರು ಆಕಳಿಸುತ್ತಾರೆ. ಅದನ್ನೇ ಒಬ್ಬ ಹೆಂಗಸನ್ನಾಗಿ ಮಾಡಿ ಬೀದಿಯಲ್ಲಿ ನಡೆಸಿದರೆ ಕಣ್ಣರಳಿಸಿ ಕೇಳುತ್ತಾರೆ. ಆದರೆ ಇಲ್ಲದ್ದನ್ನು ಇದೆ ಎಂದಂತಾಗುವುದಿಲ್ಲವೇ ಎಂದು ಹೆದರಿಕೆ," ಎಂದ.

ಮಠದ ಅಂಗಳ ಗುಡಿಸುವ ನೀಲವ್ವ ಎರಡು ಲೋಟ ಮಜ್ಜಿಗೆ ತಂದಳು. ವಯಸ್ಸಿಗೆ ಬೆನ್ನು ಬಾಗಿದ್ದರಿಂದ ಲೋಟ ಇಡಲು ಅವಳು ಹೆಚ್ಚು ಬಗ್ಗಬೇಕಾಗಿರಲಿಲ್ಲ.

"ಪದ ಕಟ್ಟಿದರೆ ಹೊಟ್ಟೆ ತುಂಬುತ್ತದೇನಪ್ಪಾ? ಮಧ್ಯಾಹ್ನವೂ ಉಂಡಿಲ್ಲ ನೀನು. ಮೊದಲು ಕುಡಿ," ಎಂದು ಹೇಳಿ ಪೊರಕೆ ಹಿಡಿದು ಅಂಗಳಕ್ಕಿಳಿದಳು.

"ಎಲ್ಲಿ, ಓದು," ಎಂದರು ಗುರುಗಳು.

ಸಿದ್ದಬಸವ ಓದಿದ. ಪದದಲ್ಲಿ ಹೊಟ್ಟೆಕಿಚ್ಚು ಎಂಬುವಳು ಒಬ್ಬ ಗೂನುಬೆನ್ನಿನ ಮುದುಕಿ. ಮನೆಮನೆಯ ಕಿಟಕಿಯಲ್ಲಿ ಇಣುಕುತ್ತಾಳೆ. ಯಾರ ಒಲೆಯ ಮೇಲೆ ಹಾಲು ಉಕ್ಕಿದರೂ ಅವಳಿಗೆ ಸಂಕಟ. ಕೊನೆಗೆ ಮಕ್ಕಳೆಲ್ಲ ಸೇರಿ ಅವಳನ್ನು ಊರಾಚೆ ಓಡಿಸುತ್ತಾರೆ.

ಗುರುಗಳು ಅಂಗಳದ ಕಡೆ ಒಮ್ಮೆ ನೋಡಿದರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕತೆಗಾರನಿದ್ದ. ಒಂದು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಕತೆಗಾರ ಊರವರನ್ನು ಚಾವಡಿಯಲ್ಲಿ ಸೇರಿಸಿ ಬುದ್ಧಿ ಹೇಳಿದ. ನೀರು ಕಾಯಿಸಿ ಕುಡಿಯಿರಿ. ಜ್ವರ ಬಂದವರ ಮನೆಗೆ ಸುಮ್ಮನೆ ಹೋಗಬೇಡಿ. ಹೊರಗಿನಿಂದ ಬಂದವರನ್ನು ಒಳಗೆ ಕರೆಯಬೇಡಿ, ಜಗಲಿಯ ಮೇಲೆ ಕೂರಿಸಿ ಅಲ್ಲೇ ಅನ್ನ ನೀರು ಕೊಡಿ. ಊರವರು ತಲೆಯಾಡಿಸಿ ಎದ್ದು ಹೋದರು. ಯಾರೂ ಪಾಲಿಸಲಿಲ್ಲ. ವಾರದೊಳಗೆ ಒಂದು ಮನೆಯಲ್ಲಿ ಸಾವಾಯಿತು.

ಆಗ ಅವನು ಜ್ವರಕ್ಕೆ ಒಂದು ಮುಖ ಕೊಟ್ಟ. ಜ್ವರವೆಂದರೆ ಒಬ್ಬ ಹೆಂಗಸು ಎಂದ. ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ತಲೆಗೂದಲು ಕೆದರಿರುತ್ತದೆ, ಬರಿಗಾಲು ಧೂಳಾಗಿರುತ್ತದೆ. ಬಾಗಿಲಲ್ಲಿ ನಿಂತು ಒಂದು ಗುಟುಕು ನೀರು ಕೇಳುತ್ತಾಳೆ. ಗುರುತಿನವರ ದನಿಯಲ್ಲೇ ಕೇಳುತ್ತಾಳೆ. ತೆರೆದವರ ಮನೆಯಲ್ಲಿ ಉಳಿದುಬಿಡುತ್ತಾಳೆ.

ಈ ಸಲ ಊರು ಉಸಿರು ಬಿಗಿಹಿಡಿದು ಕೇಳಿತು. ಸಂಜೆಯಾದರೆ ಚಿಲಕ ಬಿತ್ತು. ಒಲೆಯ ಮೇಲೆ ನೀರು ಕಾಯಿತು. ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿತು. ಜ್ವರವೂ ಇಳಿಯತೊಡಗಿತು. ಜಗಲಿಯ ಮೇಲೆ ಅನ್ನ ನೀರು ಕೊಡಿ ಎಂಬ ಮಾತೊಂದು ಮಾತ್ರ ಕತೆಯಿಂದ ಬಿಟ್ಟುಹೋಗಿತ್ತು. ಅಂಥವಳಿಗೆ ನೀರು ಕೊಡು ಎಂದು ಯಾವ ಬಾಯಿಂದ ಹೇಳುವುದು? ಕತೆಗಾರನಿಗೂ ಅದು ಕೊರತೆಯೆನಿಸಲಿಲ್ಲ.

ಕತೆಗಾರನಿಗೆ ಒಬ್ಬಳೇ ಮಗಳು. ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಅಲ್ಲಿ ಜ್ವರ ಜೋರಾದಾಗ ಗಂಡನ ಮನೆಯವರು ಅವಳನ್ನು ತವರಿಗೆ ಹೊರಡಿಸಿದರು. ಹತ್ತಿಸಿಕೊಳ್ಳುವ ಗಾಡಿ ಸಿಗಲಿಲ್ಲ, ನಡೆದಳು. ದಾರಿಯಲ್ಲಿ ಚಪ್ಪಲಿ ಹರಿಯಿತು, ಮುಡಿ ಬಿಚ್ಚಿತು, ಗಂಟಲು ಒಣಗಿತು. ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ತಂದೆಯ ಮನೆ ಬೀದಿಯ ಆ ತುದಿಗೆ. ಅವಳು ಮೊದಲ ಮನೆಯ ಬಾಗಿಲು ತಟ್ಟಿ ನೀರು ಕೇಳಿದಳು. ಒಳಗೆ ಮಾತಾಡುತ್ತಿದ್ದವರು ಸುಮ್ಮನಾದರು. ಎರಡನೆಯ ಮನೆಯಲ್ಲಿ ದೀಪ ಆರಿತು. ಮುಂದಿನ ಮನೆಯಲ್ಲಿ ಅಳುತ್ತಿದ್ದ ಕೂಸಿನ ಬಾಯಿಯನ್ನು ಯಾರೋ ಮುಚ್ಚಿದ್ದು ಅವಳಿಗೆ ಕೇಳಿಸಿತು. ಎಲ್ಲರೂ ಅವಳನ್ನು ಎತ್ತಿ ಆಡಿಸಿದವರೇ. ತನ್ನ ಹೆಸರು ಹೇಳಿ ಕೂಗಿದಳು. ಹೆಸರು ಹೇಳಿದಷ್ಟೂ ಬಾಗಿಲುಗಳು ಬಿಗಿಯಾದವು.

ಗೋಡೆ ಹಿಡಿದುಕೊಂಡು ತಂದೆಯ ಮನೆಗೆ ಬಂದಳು. "ಅಪ್ಪಾ, ನಾನು. ಒಂದು ಗುಟುಕು ನೀರು."

ಕತೆಗಾರ ಎದ್ದು ಬಂದು ಚಿಲಕದ ಮೇಲೆ ಕೈಯಿಟ್ಟ. ಕೈ ಅಲ್ಲೇ ನಿಂತಿತು.

"ತೆಗೆಯಿರಿ. ನಮ್ಮ ಕೂಸಿನ ದನಿ ಅದು," ಎಂದಳು ಹೆಂಡತಿ.

"ಗುರುತಿನ ದನಿಯಲ್ಲೇ ಕರೆಯುತ್ತಾಳೆ ಅವಳು."

"ಅದು ನೀವು ಕಟ್ಟಿದ ಮಾತಲ್ಲವೇ? ಈ ಒಲೆಯ ಮುಂದೆ ಕೂತು ಕಟ್ಟಿದಿರಿ. ರೊಟ್ಟಿ ಬಡಿಯುತ್ತಾ ನಾನೇ ಕೇಳಿಸಿಕೊಂಡಿದ್ದೇನೆ."

"ಗೊತ್ತು," ಎಂದ ಅವನು. ಕೈ ಮಾತ್ರ ಅಲುಗಲಿಲ್ಲ.

ಹೊರಗೆ ಏನೋ ಬಿದ್ದ ಸದ್ದಾಯಿತು. ಹೆಂಡತಿ ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆರೆದಳು. ಮಗಳು ಹೊಸ್ತಿಲಿಗೆ ತಲೆಯಿಟ್ಟು ಬಿದ್ದಿದ್ದಳು. ತಾಯಿ ಅವಳನ್ನು ಮಡಿಲಿಗೆ ಎಳೆದುಕೊಂಡು ನೀರು ಕುಡಿಸಿದಳು.

ಶಿವನ ದಯೆ, ಮಗಳು ಬದುಕಿದಳು. ಆದರೆ ಆಮೇಲೆ ತಂದೆ ನೀರಿನ ಲೋಟ ಹಿಡಿದು ಬಂದರೆ ಕೈ ಚಾಚುತ್ತಿರಲಿಲ್ಲ. ಕೆಳಗೆ ಇಡಲಿ ಎಂದು ಕಾಯುತ್ತಿದ್ದಳು.

ಕತೆಗಾರ ಚಾವಡಿಗೆ ಹೋಗಿ ಜನರನ್ನು ಕೂಡಿಸಿದ. "ಜ್ವರಕ್ಕೆ ಕಾಲಿಲ್ಲ, ದನಿಯಿಲ್ಲ. ಅದೆಲ್ಲ ನಾನು ಕಟ್ಟಿದ್ದು. ಮೊನ್ನೆ ಬಂದವಳು ನನ್ನ ಮಗಳು," ಎಂದ.

ಒಬ್ಬ ಮುದಿ ರೈತ ನೆಲ ನೋಡುತ್ತಾ ಹೇಳಿದ: "ಕತೆಯೆಂದು ನಮಗೂ ಗೊತ್ತು ಬಿಡಯ್ಯಾ. ಸಂಜೆಯಾದರೆ ಕೈ ಏಳುವುದಿಲ್ಲ, ಏನು ಮಾಡೋಣ?"

ಆ ಬೇಸಿಗೆಗೆ ಜ್ವರ ಊರು ಬಿಟ್ಟು ಹೋಯಿತು. ಕತೆಯ ಹೆಂಗಸು ಮಾತ್ರ ಹೋಗಲಿಲ್ಲ. ಎಷ್ಟೋ ವರ್ಷ ಆ ಬೀದಿಯಲ್ಲಿ ಸಂಜೆ ಬಾಯಾರಿ ಬಂದ ಹೆಂಗಸಿಗೆ ಬಾಗಿಲು ತೆರೆಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ದಬಸವ ಮಜ್ಜಿಗೆಯ ಲೋಟ ಮುಟ್ಟಿರಲಿಲ್ಲ.

"ಹಾಗಾದರೆ ಮುಖ ಕೊಡಲೇಬಾರದೇ, ಗುರುಗಳೇ?" ಎಂದ. ದನಿ ಸಣ್ಣದಾಗಿತ್ತು.

"ಕೊಡಬಾರದು ಎಂದು ನಾನು ಹೇಳಲಿಲ್ಲ. ಬರಿಯ ಬುದ್ಧಿಮಾತಿನಿಂದ ಆ ಊರಿನಲ್ಲಿ ಒಂದು ಹಂಡೆ ನೀರೂ ಕಾದಿರಲಿಲ್ಲ. ಮುಖ ಕೊಟ್ಟರೆ ಮಕ್ಕಳು ಮರೆಯುವುದಿಲ್ಲ ಎಂದೆಯಲ್ಲ, ಅದು ನಿಜ. ನನಗೆ ಹೆದರಿಕೆಯಾಗುವುದೂ ಅದಕ್ಕೇ."

ಹೊರಗೆ ಅಂಗಳದಲ್ಲಿ ಪೊರಕೆಯ ಸದ್ದು ಹತ್ತಿರ ಬರುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಗುಡಿಸಿದ ಜಾಗವನ್ನು ತುಳಿದುಕೊಂಡು ಓಡಿದರು. ನೀಲವ್ವ ಅವರನ್ನು ಬೈಯುತ್ತಾ ನಗುತ್ತಿದ್ದಳು. ಗುರುಗಳು ಪದ ಬರೆದ ಹಾಳೆಯನ್ನು ಶಿಷ್ಯನ ಕಡೆಗೆ ಸರಿಸಿ ಕೇಳಿದರು:

"ನಿನ್ನ ಹೊಟ್ಟೆಕಿಚ್ಚಿಗೆ ಆ ಬಾಗಿದ ಬೆನ್ನು ಎಲ್ಲಿಂದ ಬಂತು, ಸಿದ್ದಬಸವ?"