ಬಿಳಿ ಅಕ್ಷರಗಳ ಸದ್ದು

ಧಾರವಾಡದಲ್ಲಿ ಮಕ್ತುಂಸಾಬರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅಲ್ಲಿಯವರು ಅದನ್ನು ಪೇಟಿ ಅನ್ನುತ್ತಾರೆ. ರಸ್ತೆ ಅಗಲ ಮಾಡುವಾಗ ಅವರ ಅಂಗಡಿ ಹೋಯಿತು. ಹಿಂದಿನ ಓಣಿಯಲ್ಲಿ ಇನ್ನೊಂದು ಹಿಡಿದರು. ಹಳೆಯ ಗಿರಾಕಿಗಳಿಗೆ ಅದು ಸಿಗಲೇ ಇಲ್ಲ. ಎರಡು ತಿಂಗಳಲ್ಲಿ ಒಂದು ಪೇಟಿಯೂ ಬರಲಿಲ್ಲ. ಹೀಗೇ ಆದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಹೆದರಿ, ಅವರು ಒಂದು ವೆಬ್‌ಸೈಟ್ ಮಾಡಿಸಿದರು.

ಆ ಕೆಲಸ ವಿನೋದಿನಿಯ ಪಾಲಿಗೆ ಬಂತು. ಇಂಟರ್ನೆಟ್‌ನಲ್ಲಿ ಯಾರಾದರೂ ಹುಡುಕಿದಾಗ ಗಿರಾಕಿಯ ಪುಟ ಎಲ್ಲರಿಗಿಂತ ಮೇಲೆ ಬರುವಂತೆ ಮಾಡುವುದು ಅವಳ ಕಚೇರಿಯ ಉದ್ಯೋಗ. ಅಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಒಬ್ಬೊಬ್ಬರಿಗೆ ಒಂದೊಂದು ಹಾಡು, ಒಂದೊಂದು ನಂಬಿಕೆ. ಭಾವಗೀತೆ ಕೇಳುವವನೊಬ್ಬ ತನ್ನ ಪುಟವನ್ನು ತಾನೇ ದಿನಕ್ಕೆ ಐವತ್ತು ಸಲ ತೆರೆಯುತ್ತಿದ್ದ. ಹಾಗೆ ಮಾಡಿದರೆ ಅದು ಮೇಲೇರುತ್ತದಂತೆ. ಹಳೆಯ ಸಿನಿಮಾ ಹಾಡಿನವಳು ದಿನಾ ಬೆಳಿಗ್ಗೆ ಪುಟದ ತಾರೀಖು ಮಾತ್ರ ಬದಲಿಸುತ್ತಿದ್ದಳು. ವಿನೋದಿನಿಗೆ ಕುಣಿತದ ಹಾಡುಗಳು ಇಷ್ಟ. ಒಂದೇ ಸಾಲು ನಲವತ್ತು ಸಲ ಬಂದರೆ ಹಾಡು ಬಾಯಿಗೆ ತಾನಾಗಿ ಹತ್ತುತ್ತದಲ್ಲ, ಪುಟವೂ ಹಾಗೇ ಎಂದು ಅವಳು ನಂಬಿದ್ದಳು.

ಹಾಗಾಗಿ 'ಹಾರ್ಮೋನಿಯಂ ರಿಪೇರಿ ಧಾರವಾಡ' ಎಂದು ಮುನ್ನೂರು ಸಲ ಬರೆದಳು. ನೋಡಲು ಅಸಹ್ಯವಾಗಿತ್ತು. ಬಿಳಿ ಪುಟದ ಮೇಲೆ ಅಕ್ಷರಕ್ಕೂ ಬಿಳಿ ಬಣ್ಣ ಕೊಟ್ಟಳು. ಮಾಯ! ಕಣ್ಣಿಗೆ ಕಾಣದಿದ್ದರೂ ಹುಡುಕುವ ಯಂತ್ರ ಅದನ್ನು ಓದಿಕೊಳ್ಳುತ್ತದೆ. ವಿಳಾಸ ಎಲ್ಲೋ ಕೊನೆಯಲ್ಲಿ ಉಳಿಯಿತು.

ಎರಡು ದಿನ ಬಿಟ್ಟು ಅವಳು ಫೋಟೋ ತೆಗೆಯಲು ಅಂಗಡಿಗೆ ಹೋದಾಗ, ಆಟೋದವನ ಕೈ ಹಿಡಿದುಕೊಂಡು ಸಂಗಯ್ಯ ಮಾಸ್ತರರು ಬಂದರು. ಅವರು ಸಂಗೀತ ಕಲಿಸುವವರು. ಕಣ್ಣು ಕಾಣುವುದಿಲ್ಲ.

"ಸಾಬ್ರ, ನಿಮ್ಮನ್ನ ಹುಡುಕೂದ್ರಾಗ ನನ್ನ ಹೆಣಾ ಬಿತ್ತು ನೋಡ್ರಿ!"

"ನಿನ್ನೆನ ಲಿಂಕ್ ಕಳಿಸಿದ್ದೆನಲ್ರಿ ಮಾಸ್ತರ. ಎಲ್ಲಾ ಅದರಾಗ ಅದ."

"ಏನದ, ನೀವ ಕೇಳ್ರಿ."

ಮಾಸ್ತರರ ಫೋನು ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವಂಥದ್ದು. ಅದು ಶುರುಮಾಡಿತು. ಹಾರ್ಮೋನಿಯಂ ರಿಪೇರಿ ಧಾರವಾಡ. ಹಾರ್ಮೋನಿಯಂ ರಿಪೇರಿ ಧಾರವಾಡ. ಹಾರ್ಮೋನಿಯಂ ರಿಪೇರಿ ಧಾರವಾಡ.

"ಫೋನ್ ಕೆಟ್ಟದೇನ್ರಿ?" ಎಂದರು ಮಕ್ತುಂಸಾಬರು.

"ಫೋನ್ ಬರೋಬ್ಬರಿ ಅದ. ಸಾಬ್ರು ಜಪಕ್ಕ ಕುಂತಾರ ಅಂತ ನಾನೂ ಕೈ ಮುಗದು ಕುಂತಿದ್ದೆ. ವಿಳಾಸಾ ಬರಲೇ ಇಲ್ಲ."

ಆಟೋದವನು ನಕ್ಕ. ಮಕ್ತುಂಸಾಬರು ನಗಲಿಲ್ಲ. "ನನ್ನ ಹೆಸರಿನ ಕೆಳಗ ಹಿಂಗ ಒದರಿದವ್ರು ಯಾರು?" ಎಂದರು.

ಏನೋ ತಾಂತ್ರಿಕ ದೋಷ ಎಂದಿದ್ದರೆ ಇಬ್ಬರೂ ನಂಬುತ್ತಿದ್ದರು. ವಿನೋದಿನಿಯ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು. ಆದರೆ ಫೋನು ಇನ್ನೂ ಓದುತ್ತಲೇ ಇತ್ತು.

"ನಾನ ಬರದದ್ರಿ ಕಾಕಾ. ಯಾರಿಗೂ ಕಾಣಬಾರದಂತ ಬಿಳಿ ಅಕ್ಷರದಾಗ ಹಾಕಿದ್ದೆ."

ಮಾಸ್ತರರು ಜೋರಾಗಿ ನಕ್ಕುಬಿಟ್ಟರು. "ಕಣ್ಣಿದ್ದವ್ರಿಂದ ಮುಚ್ಚಿಟ್ಟು ನಮಗಷ್ಟ ಹೇಳಿದಿ ಅಂದಂಗಾತು! ತಂಗಿ, ಬರೇ ತಾಳಾ ಬಡದ್ರ ಸಾಕೇನು? ಹಾಡವ್ರು ಏನರ ಹಾಡಬೇಕಲ್ಲ?"

ವಿನೋದಿನಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮುನ್ನೂರು ಸಾಲನ್ನೂ ಅಳಿಸಿದಳು. "ಪೇಟಿ ತರೋರು ಮೊದಲ ಏನ್ ಕೇಳತಾರ್ರಿ ಕಾಕಾ?" ಎಂದಳು.

"ಎಲ್ಲಿ ಬರಬೇಕು ಅಂತಾರ. ಎಷ್ಟ ದಿನಾ ಹಿಡೀತದ ಅಂತಾರ. ಮತ್ತೇನ್ ಕೇಳತಾರವ್ವಾ?"

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಳು. ಮಾಸ್ತರರ ಫೋನು ಅದನ್ನು ಓದಿತು: ಹಳೆ ಅಂಗಡಿ ಇದ್ದಲ್ಲಿಂದ ಎಡಕ್ಕ ಹೊರಳ್ರಿ. ಹಿಟ್ಟಿನ ಗಿರಣಿ ಸಪ್ಪಳ ಕೇಳಸತದ. ಅದರ ಎದುರಿನ ಬಾಗಲಾ ನಮ್ಮದು.

"ಈಗ ಕಂಡಿತು ನೋಡ್ರಿ ಅಂಗಡಿ," ಎಂದರು ಮಾಸ್ತರರು. ಆ ಪುಟವನ್ನು ತಮ್ಮ ಶಿಷ್ಯರಿಗೆಲ್ಲ ಕಳಿಸಿದರು.

ಆ ವಾರ ಪುಟವೇನೂ ಮೇಲೇರಲಿಲ್ಲ. ಹುಡುಕಿದವರಿಗೆ ಎಲ್ಲೋ ಕೆಳಗೇ ಇತ್ತು. ಆದರೆ ಶುಕ್ರವಾರದೊಳಗೆ ಅಂಗಡಿಗೆ ನಾಲ್ಕು ಪೇಟಿ ಬಂದವು. ಮಕ್ತುಂಸಾಬರು ಬಾಗಿಲು ಹಾಕುವ ಮಾತು ಮತ್ತೆ ಎತ್ತಲಿಲ್ಲ.

ನೀತಿ: ಎಲ್ಲರಿಗಿಂತ ಮೊದಲು ಕಾಣಿಸಿಕೊಳ್ಳಬೇಕು ಎಂದು ಒಂದೇ ಮಾತನ್ನು ಕೂಗುತ್ತಿದ್ದರೆ, ನಮ್ಮನ್ನೇ ಹುಡುಕಿಕೊಂಡು ಬಂದವರೂ ದಾರಿ ತಪ್ಪುತ್ತಾರೆ. ಅವರಿಗೆ ಬೇಕಾದದ್ದನ್ನು ಒಂದೇ ಸಲ, ನಿಜವಾಗಿ ಹೇಳಿದರೆ ಸಾಕು.