ನೆಂಟರು ಏಳಲೆಂದು ಕಾದ ಕಡವೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲ ಅದು, ಪುಟ್ಟಿ. ಆಗ ಹಗಲು ಎಲ್ಲರದೂ ಆಗಿತ್ತು, ಇರುಳೂ ಎಲ್ಲರದೂ ಆಗಿತ್ತು. ಯಾರಿಗೆ ಯಾವಾಗ ಬಾಯಾರಿತೋ ಆಗ ಕೆರೆಗೆ ಬರುತ್ತಿದ್ದರು.

ಆ ಕೆರೆಯ ದಂಡೆಯೇ ಕಡವೆಯ ಮನೆ. ಜಿಂಕೆಗಿಂತ ದೊಡ್ಡ ಮೈ, ಮಣ್ಣಿನ ಬಣ್ಣ, ಅಗಲವಾದ ಕಿವಿ. ಅವಳಿಗೊಂದು ಗಂಡುಮರಿ. ನಡುಹಗಲಲ್ಲಿ ನೀರಿಗೆ ಬಗ್ಗಿ ತನ್ನ ಮುಖ ನೋಡಿಕೊಳ್ಳುವುದೆಂದರೆ ಮರಿಗೆ ಪ್ರಾಣ.

"ಅವ್ವಾ, ನೀರೊಳಗಿನ ಮರೀನೂ ಕಿವಿ ಆಡಿಸ್ತದೆ ನೋಡು," ಎನ್ನುತ್ತಿತ್ತು. ಕಡವೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ಮನುಷ್ಯ ಬಂದ. ಜೊತೆಗೆ ಹೆಂಡತಿ, ಅವಳ ಕಂಕುಳಲ್ಲೊಂದು ಕೂಸು. ಕಾಲು ಒಡೆದಿದ್ದವು, ತುಟಿ ಒಣಗಿದ್ದವು. ನೀರಿಗೆ ಬಾಯಿ ಹಾಕಲಿದ್ದ ಕಡವೆ ಹಿಂದೆ ಸರಿದಳು.

"ಬಾ ಅಣ್ಣ, ಬಾ ತಾಯಿ. ಮೊದಲು ನೀವು," ಎಂದಳು.

ಯಾಕೆ ಗೊತ್ತಲ್ಲ? ನಮ್ಮ ಮನೆಯಲ್ಲೂ ಹಾಗೇ. ನೆಂಟರು ಉಂಡು ಕೈ ತೊಳೆದು ಏಳುವ ತನಕ ಮನೆಯವರು ಊಟಕ್ಕೆ ಕೂರುವುದಿಲ್ಲ. ಇದು ನಮ್ಮದೇ ಪದ್ಧತಿ ಎಂದು ನಾವು ಬೀಗುತ್ತೇವೆ. ಕಡವೆಗೆ ಅದು ನಮಗಿಂತ ಮೊದಲೇ ಗೊತ್ತಿತ್ತು.

ಮರಿಯನ್ನು ಕರೆದುಕೊಂಡು ಅವಳು ಪೊದೆಯ ಹಿಂದೆ ನಿಂತಳು. "ನೆಂಟರು ಏಳಲಿ ಕಂದಾ, ಆಮೇಲೆ ನಾವು."

ಮನುಷ್ಯ ಕುಡಿದ, ದಣಿವಾರಿತು, ಏಳಲಿಲ್ಲ. ಮಿಂದ, ಬಟ್ಟೆ ಒಗೆದ, ಏಳಲಿಲ್ಲ. ದನ ತಂದು ಮೈ ತೊಳೆದ. ದಂಡೆಯ ಮರ ಕಡಿದು ರಾಗಿ ಬಿತ್ತಿದ. ಹೊತ್ತು ಮುಳುಗಿ ಅವನು ಮಲಗಿದ ಮೇಲಷ್ಟೇ ತಾಯಿ ಮರಿ ಸದ್ದಿಲ್ಲದೆ ಬಂದು ಕುಡಿದು ಹೋಗುತ್ತಿದ್ದರು. ನೀರು ಕಪ್ಪಗಿರುತ್ತಿತ್ತು. ಮರಿಗೆ ಮುಖ ಕಾಣುತ್ತಿರಲಿಲ್ಲ.

ಇದನ್ನು ಕಂಡ ಗಾಳಿಗೆ ಸುಮ್ಮನಿರಲಾಗಲಿಲ್ಲ. "ಅಲ್ಲ ಕಣಕ್ಕ, ಏಳು ಅಂತ ಒಂದು ಮಾತು ಅನ್ನಬಾರದಾ? ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು. ನಿನ್ನ ಕೆರೆ ಸಾಲ್ತದಾ?"

"ಉಣ್ಣೋರನ್ನ ಏಳು ಅನ್ನಬಾರದು ಕಣಪ್ಪ," ಎಂದಳು ಕಡವೆ. "ಅವರಿಗೇ ತಿಳೀತದೆ."

ತಿಳಿಯಲಿಲ್ಲ, ಪುಟ್ಟಿ.

ಕಡವೆ ಕಾಯುವುದನ್ನು ಕಂಡು ಕರಡಿಯೂ ಕಾಯಿತು, ಹುಲಿಯೂ ಕಾಯಿತು. ಅವುಗಳ ಹಗಲೂ ಹೋಯಿತು. ಮರದ ಮೇಲಿನ ಕರಿಮೂತಿಯ ಕೋತಿ, ಮುಸುವ ಮಾತ್ರ ಎಲೆಯ ರಸದಲ್ಲೇ ದಾಹ ತೀರಿಸಿಕೊಂಡು ಬಿಸಿಲಲ್ಲಿ ಉಳಿಯಿತು. ಬುದ್ಧಿವಂತ, ಯಾರ ಹಂಗಿಗೂ ಬೀಳಲಿಲ್ಲ.

ಮರಿ ದಿನಾ ಕೇಳುತ್ತಿತ್ತು, "ಅವ್ವಾ, ನೆಂಟರು ಎದ್ರಾ?"

"ಇನ್ನೇನು ಏಳ್ತಾರೆ ಕಂದಾ."

ಕೇಳುತ್ತ ಕೇಳುತ್ತಲೇ ಮರಿಗೆ ಕೊಂಬು ಬಂತು. ತನ್ನ ಕೊಂಬು ಹೇಗಿದೆ ಎಂದು ಅದು ಒಮ್ಮೆಯೂ ನೋಡಿಕೊಳ್ಳಲಿಲ್ಲ. ತಾಯಿ ಮುದಿಯಾದಳು. ಪೊದೆಯ ಹಿಂದೆಯೇ ಒಂದು ದಿನ ಕಾಲು ಮಡಿಚಿ ಮಲಗಿದವಳು ಮತ್ತೆ ಏಳಲಿಲ್ಲ. ಆಗಲೂ ಅವಳ ಕಿವಿ ಕೆರೆಯ ಕಡೆಗೇ ತಿರುಗಿತ್ತು.

ಈ ಬೆಳಿಗ್ಗೆ ದಂಡೆಯ ಕೆಸರು ತೋರಿಸಿ, "ಹೆಜ್ಜೆ ಇಲ್ಲೈತೆ, ಕಡವೆ ಎಲ್ಲಿ ಅಜ್ಜಿ?" ಎಂದು ಕೇಳಿದೆಯಲ್ಲ? ಆ ಮರಿಯ ಕುಲ ಅಲ್ಲೇ ಪೊದೆಯ ಹಿಂದೆ ಇದೆ ಮಗಾ, ಇನ್ನೂ ಕಾಯುತ್ತಿದೆ. ಕೆರೆಯ ದಂಡೆಯಿಂದ ನಾವಿನ್ನೂ ಎದ್ದಿಲ್ಲವಲ್ಲ, ಅದಕ್ಕೇ ಹಗಲು ನಮಗೆ ಕಾಣುವುದು ಬರೀ ಅದರ ಹೆಜ್ಜೆ.